ಕಂಬಕ್ಕೆ ಹೊಡೆದ ಚಿನ್ನದ ನಾಣ್ಯ: ‘ಮೋಬಿ ಡಿಕ್’ ಓದುತ್ತಿರುವವರಿಗೆ

ಮುಂಬೈಯ ಮಾಟುಂಗದಲ್ಲಿ ಭಾನುವಾರ ನಾವು ಐದಾರು ಜನ ಸೇರಿ ಓದುತ್ತಿರುವ ಕಾದಂಬರಿ ಇದು. ಕಳೆದ ವಾರ ಬರಲಾಗದವರಿಗೆ ಈ ಟಿಪ್ಪಣಿ. ಹರ್ಮನ್ ಮೆಲ್ವಿಲ್ ಬರೆದದ್ದು, 1851ರಲ್ಲಿ ಪ್ರಕಟವಾದದ್ದು. ತನ್ನ ಕಾಲು ಕಿತ್ತ ಬಿಳಿ ತಿಮಿಂಗಿಲವನ್ನು ಕೊಲ್ಲಲು ಕ್ಯಾಪ್ಟನ್ ಏಹಬ್ ಇಡೀ ಹಡಗನ್ನೇ ಅದರ ಹಿಂದೆ ಅಟ್ಟುತ್ತಾನೆ.

ಏಹಬ್‌ಗೆ ದುಡ್ಡಿನ ಆಸೆ ಇಲ್ಲ. ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಅವನದು ಗೀಳು. ಆಸೆ ಇರುವುದು ಉಳಿದವರಿಗೆ. ತಿಮಿಂಗಿಲ ಬೇಟೆಯ ಆ ಹಡಗಿನಲ್ಲಿ ಸಂಬಳ ಇಲ್ಲ, ಲಾಭದಲ್ಲಿ ಪಾಲು ಅಷ್ಟೇ. ಕತೆ ಹೇಳುವ ಇಷ್ಮೇಲ್‌ಗೆ ಸಿಗುವುದು 300ರಲ್ಲಿ ಒಂದು ಪಾಲು. ದೀಪಕ್ಕೆ ತಿಮಿಂಗಿಲದ ಎಣ್ಣೆ ಉರಿಸುತ್ತಿದ್ದ ಕಾಲ ಅದು. ಪೀಪಾಯಿ ತುಂಬಿದಷ್ಟೂ ದುಡ್ಡು.

36ನೇ ಅಧ್ಯಾಯದಲ್ಲಿ ಏಹಬ್ 16 ಡಾಲರಿನ ಚಿನ್ನದ ನಾಣ್ಯವೊಂದನ್ನು ಹಾಯಿಕಂಬಕ್ಕೆ ಮೊಳೆ ಹೊಡೆದು ನಿಲ್ಲಿಸುತ್ತಾನೆ. ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆ ಅದು. ‘ನಿಮ್ಮ ಸೇಡಿನಿಂದ ಎಷ್ಟು ಪೀಪಾಯಿ ಎಣ್ಣೆ ಬರುತ್ತದೆ?’ ಎಂಬರ್ಥದಲ್ಲಿ ಏಹಬ್‌ನ ಕೈಕೆಳಗಿನ ಮೊದಲ ಅಧಿಕಾರಿ ಸ್ಟಾರ್‌ಬಕ್ ಒಬ್ಬನೇ ಕೇಳುತ್ತಾನೆ. ಮಿಕ್ಕವರು ಕೂಗಿ ಕುಣಿಯುತ್ತಾರೆ. 46ನೇ ಅಧ್ಯಾಯವನ್ನು ದಯವಿಟ್ಟು ಹಾರಿಸಬೇಡಿ. ದುಡ್ಡಿನ ಆಸೆ ತಪ್ಪಿದರೆ ಇವರೆಲ್ಲ ತಿರುಗಿಬೀಳುತ್ತಾರೆ ಎಂದು ಏಹಬ್ ಅಲ್ಲಿ ತಣ್ಣಗೆ ಲೆಕ್ಕ ಹಾಕುತ್ತಾನೆ. ಒಬ್ಬನ ಗೀಳಿನ ಗಾಡಿಗೆ ಎಲ್ಲರ ಆಸೆಯನ್ನು ಎತ್ತಿನ ಹಾಗೆ ಕಟ್ಟಿದ್ದಾನೆ.

ಪಂಪನ ದುರ್ಯೋಧನನ ಛಲ ನೆನಪಾಯಿತು ಎಂದು ಒಬ್ಬರು ಹೇಳಿದರು. ಅರ್ಧ ಒಪ್ಪುತ್ತೇನೆ. ಆದರೆ ಕರ್ಣ ನಿಂತದ್ದು ಋಣಕ್ಕೆ. ಇಲ್ಲಿ ನಿಲ್ಲಿಸಿದ್ದು ನಾಣ್ಯ, ಅಲ್ವಾ?

ನನಗೆ ತುಂಬ ಇಷ್ಟವಾದದ್ದು 99ನೇ ಅಧ್ಯಾಯ. ಒಬ್ಬೊಬ್ಬರೂ ಬಂದು ಆ ನಾಣ್ಯದಲ್ಲಿ ತಮಗೆ ಬೇಕಾದ್ದನ್ನು ಕಾಣುತ್ತಾರೆ. ಹಡಗಿನ ಮೂರನೇ ಅಧಿಕಾರಿ ಫ್ಲಾಸ್ಕ್‌ಗೆ ಕಾಣುವುದು ಚುಟ್ಟಾ. ಒಂದಕ್ಕೆ 2 ಸೆಂಟ್, ಹಾಗಾದರೆ 960 ಚುಟ್ಟಾ ಎನ್ನುತ್ತಾನೆ. ಲೆಕ್ಕ ಮಾಡಿ ನೋಡಿ, 800 ಆಗಬೇಕು. ಆ ತಪ್ಪು ಲೆಕ್ಕವೇ ಆ ಅಧ್ಯಾಯದ ಜೀವ ಅನ್ನಿಸುತ್ತದೆ ನನಗೆ.

ನಮ್ಮ ಡೊಂಬಿವಲಿ ರೂಮಿನ ಗೆಳೆಯನೊಬ್ಬ ಹೀಗೇ 800 ಇರುವಲ್ಲಿ 960 ಕಂಡ. ಲೋಕಲ್ ರೈಲಿನಲ್ಲಿ ನಿಂತೇ ಮೊಬೈಲಿನಲ್ಲಿ ಆಪ್ಷನ್ಸ್ ವ್ಯಾಪಾರ, ಅಂದರೆ ಷೇರಿನ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಪಣ. ಮೊದಲು ಅದು ಆಸೆಯೇ. ಊರಿಗೆ ಕಳಿಸಬೇಕಿದ್ದ ದುಡ್ಡು ಹೋದ ಮೇಲೆ ಮಾತು ಬದಲಾಯಿತು. ‘ಹೋದದ್ದನ್ನು ಅಲ್ಲೇ ತೆಗೀಬೇಕು’ ಎನ್ನತೊಡಗಿದ. ಆಗ ಅವನಿಗೆ ಲಾಭ ಬೇಕಿರಲಿಲ್ಲ, ಕಾಲು ವಾಪಸ್ ಬೇಕಿತ್ತು. 2024ರಲ್ಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಹೊರತಂದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ನೂರಕ್ಕೆ 93 ಮಂದಿ ಬಿಡಿ ಹೂಡಿಕೆದಾರರು ದುಡ್ಡು ಕಳೆದುಕೊಂಡಿದ್ದಾರೆ. ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ವ್ಯಾಪಾರ ಬಿಡಲೇ ಇಲ್ಲ. ಆಸೆ ಗೀಳಾಗಿ ತಿರುಗುವುದು ನಷ್ಟವಾದ ಆ ಹೊತ್ತಿನಲ್ಲಿ. ಏಹಬ್ ನನಗೆ ಅರ್ಥವಾದದ್ದು ಈ ಗೆಳೆಯನಿಂದ.

ನಾಣ್ಯದ ಅಧ್ಯಾಯದ ಬೆನ್ನಿಗೇ, 100ನೇ ಅಧ್ಯಾಯದಲ್ಲಿ, ಬೂಮರ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಎದುರಾಗುತ್ತಾನೆ. ಅದೇ ತಿಮಿಂಗಿಲದಿಂದ ಕೈ ಕಳೆದುಕೊಂಡವನು. ಆಮೇಲೆ ಎರಡು ಸಲ ಅದು ಕಣ್ಣಿಗೆ ಬಿದ್ದರೂ ದೋಣಿ ಇಳಿಸಲಿಲ್ಲ. ಒಂದು ಕೈ ಹೋದದ್ದು ಸಾಲದೇ ಎನ್ನುತ್ತಾನೆ. ಏಹಬ್ ಕೇಳುವುದು ಒಂದೇ: ಅದು ಯಾವ ಕಡೆ ಹೋಯಿತು?