ಹಾರುವ ಸೈಕಲ್‌ಗೆ ಎಷ್ಟು ಶಾಕ್ ಬೇಕು?

ಗಂಗಾವತಿ ಕಡೆಯ ಹುಡುಗರು ಮೌಂಟನ್ ಬೈಕ್ ಕೊಳ್ಳಲು ಹೊರಟರೆ ಮೊದಲು ತಲೆ ಕೆಡಿಸುವುದು ಹೆಸರುಗಳು. ಕ್ರಾಸ್ ಕಂಟ್ರಿ, ಡೌನ್‌ಕಂಟ್ರಿ, ಟ್ರೇಲ್, ಎಂಡ್ಯೂರೋ. ನೋಡಲು ಎಲ್ಲ ಒಂದೇ ಥರ. ಬೆಲೆ ಮಾತ್ರ ಬೇರೆ ಬೇರೆ. ಮುಖ್ಯ ವ್ಯತ್ಯಾಸ ಟ್ರಾವೆಲ್‌ದು, ಅಂದರೆ ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿದಾಗ ಗಾಲಿ ಎಷ್ಟು ಮೇಲೆ ಬರುತ್ತದೆ ಅನ್ನುವುದು. 100ರಿಂದ 120 ಮಿ.ಮೀ. ಇದ್ದರೆ ರೇಸಿನವರಿಗೆ, 160 ದಾಟಿದರೆ ಕಡಿದಾದ ಇಳಿಜಾರಿಗೆ. ನಡುವಿನ 130–150 ಹಾರಿ ಕುಣಿಯುವವರದು.

ಇದೆಲ್ಲ ಶುರುವಾಗಿದ್ದು ಶಾಕೇ ಇಲ್ಲದ ಸೈಕಲ್‌ಗಳಿಂದ. 1976ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಗುಡ್ಡದ ಮಣ್ಣು ರಸ್ತೆಯಲ್ಲಿ ಇಳಿಸಿ ರೇಸ್ ಮಾಡಿದರು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಗಾಲಿಯ ನಡುವಿನ ಹಬ್‌ನ ಬ್ರೇಕ್ ಕಾದು, ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಬಿಚ್ಚಿ ಮತ್ತೆ ತುಂಬಬೇಕು. ಅದಕ್ಕೇ ಆ ರೇಸಿಗೆ ‘ರಿಪ್ಯಾಕ್’ ಅಂತ ಹೆಸರು. 1981ರಲ್ಲಿ ಸ್ಟಂಪ್‌ಜಂಪರ್ ಅನ್ನುವ ಮೌಂಟನ್ ಬೈಕ್ ಮಾರುಕಟ್ಟೆಗೆ ಬಂತು. 1990ರ ಆಸುಪಾಸಿನಲ್ಲಿ ರಾಕ್‌ಶಾಕ್ಸ್ ಕಂಪನಿಯ ಶಾಕ್ ಇರುವ ಫೋರ್ಕ್ (ಮುಂದಿನ ಗಾಲಿ ಹಿಡಿಯುವ ಕವಲು) ಬಂತು, ಅದರ ಟ್ರಾವೆಲ್ ಸುಮಾರು 2 ಇಂಚು ಅಷ್ಟೇ. 1996ರಲ್ಲಿ ಮೌಂಟನ್ ಬೈಕ್ ರೇಸ್ ಒಲಿಂಪಿಕ್ಸ್ ಸೇರಿತು. ಆಮೇಲೆ ರೇಸಿನವರು ತೂಕ ಇಳಿಸುತ್ತ ಹೋದರು, 2001ರಿಂದ ಅಮೆರಿಕದ ಯೂಟಾದ ರಾಂಪೇಜ್ ಸ್ಪರ್ಧೆಯಲ್ಲಿ ಬಂಡೆಯ ಅಂಚಿನಿಂದ ಧುಮುಕುವಂಥವರು ಶಾಕ್ ಏರಿಸುತ್ತ ಹೋದರು.

ನಮ್ಮ ಕಡೆ ಕಥೆ ಬೇರೆ. ಸರ್ಕಾರ 2006–07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಸೈಕಲ್‌ನಲ್ಲೇ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಹಾರಿದವರಿದ್ದಾರೆ. ಕ್ಯಾರಿಯರ್ ಕಳಚಿ ಬೀಳುವುದು ಮಾಮೂಲಿ.

ನಿಜವಾದ ಗೊಂದಲ ಕಳೆದ ಹದಿನೈದು ವರ್ಷದ್ದು. 26 ಇಂಚಿನ ಗಾಲಿ ಹಳೇದಾಯಿತು, 29 ಬಂತು, ಅದು ದೊಡ್ಡದಾಯಿತು ಅಂತ ನಡುವೆ 27.5 ಬಂತು. ಹಿಂದಿನ ಹಬ್‌ನ ಅಗಲ 135ರಿಂದ 142, ಅಲ್ಲಿಂದ 148 ಮಿ.ಮೀ. ಆಯಿತು. ಆರೇಳು ಮಿಲಿಮೀಟರ್‌ಗಾಗಿ ಚೆನ್ನಾಗಿದ್ದ ಗಾಲಿ ಅಟ್ಟ ಸೇರಿತು. ಯಾಕಪ್ಪ ಅಂತ ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ.

ಅದೇ ಹೊತ್ತಿನಲ್ಲಿ ಒಂದು ಒಳ್ಳೇದೂ ಆಯಿತು. ಮುಂದಿನ ಫೋರ್ಕ್ ಹೆಚ್ಚು ಮುಂದಕ್ಕೆ ಚಾಚಿತು. ನೆಲಕ್ಕೆ ಮೊದಲು 71 ಡಿಗ್ರಿ ಇದ್ದ ಅದರ ಕೋನ ಈಗಿನ ಟ್ರೇಲ್ ಬೈಕ್‌ಗಳಲ್ಲಿ 65ರ ಹತ್ತಿರ ಬಂದಿದೆ. ಸೀಟನ್ನು ಬೆರಳಲ್ಲೇ ಇಳಿಸುವ ಡ್ರಾಪರ್ ಪೋಸ್ಟ್ ಬಂತು. ಇಳಿಜಾರಲ್ಲಿ ಹ್ಯಾಂಡಲ್ ಮೇಲಿಂದ ಪಲ್ಟಿ ಹೊಡೆಯುವ ಭಯ ಕಡಿಮೆಯಾಯಿತು. ಮೊದಲು 160 ಮಿ.ಮೀ. ಶಾಕ್ ಕೊಡುತ್ತಿದ್ದ ಧೈರ್ಯವನ್ನು ಈಗ 140ರ ಸೈಕಲ್ ಕೊಡುತ್ತದೆ. ಕುಣಿಯಲು ಅದೇ ಚೆಂದ. ಜಂಪ್ ಮಾಡಬೇಕಾದರೆ ಕಾಲಲ್ಲಿ ಸೈಕಲ್ ಒತ್ತಿ ಚಿಮ್ಮಬೇಕು ಅಲ್ವಾ? ಮೆತ್ತಗಿನ ಉದ್ದ ಶಾಕ್ ಆ ಒತ್ತನ್ನು ನುಂಗಿಬಿಡುತ್ತದೆ. ಹೊಳೆ ಮರಳಲ್ಲಿ ನಿಂತು ಜಿಗಿದ ಹಾಗೆ.

ಇದು ನನಗೆ ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ‘ಕಲ್ಲು ಬಂಡೆ ಊರು, ಜಾಸ್ತಿ ಶಾಕ್ ಇರಲಿ’ ಅಂದರು, 160ರ ಸೆಕೆಂಡ್ ಹ್ಯಾಂಡ್ ತಗೊಂಡೆ. ಫೋರ್ಕ್‌ನ ಕೊಳವೆ ಮೇಲೆ ಒಂದು ಕರೀ ರಬ್ಬರ್ ಉಂಗುರ ಇರುತ್ತದೆ. ಶಾಕ್ ಎಲ್ಲಿವರೆಗೆ ಒತ್ತಿತೋ ಅಲ್ಲಿ ನಿಲ್ಲುತ್ತದೆ. ಸಾಣಾಪುರದ ಹತ್ತಿರ ಇಡೀ ಭಾನುವಾರ ಹಾರಿ, ಬಿದ್ದು, ಮೊಣಕೈ ತರಚಿಕೊಂಡು ನೋಡಿದರೆ ಉಂಗುರ 110ರ ಹತ್ತಿರ ನಿಂತಿತ್ತು. ಉಳಿದ 50 ಮಿಲಿಮೀಟರ್ ಸುಮ್ನೆ ಹೊತ್ತು ತಿರುಗಿದ್ದೆ.

ನಮ್ಮ ಗ್ರಾನೈಟ್ ಬಂಡೆ ಒಣಗಿದ್ದಾಗ ಟೈರನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಳಿಜಾರು ಗಿಡ್ಡ, ಮುಗಿದ ತಕ್ಷಣ ಮತ್ತೆ ಹತ್ತಬೇಕು. ಇಲ್ಲಿ ಶಾಕ್‌ಗಿಂತ ಮೊದಲು ದುಡ್ಡು ಹಾಕಬೇಕಾದ್ದು ಟ್ಯೂಬ್‌ಲೆಸ್ ಟೈರಿಗೆ, ಒಳಗೆ ತೂತು ಮುಚ್ಚುವ ದ್ರವ ಸೀಲಂಟ್‌ಗೆ. ಬಳ್ಳಾರಿ ಜಾಲಿ ಮುಳ್ಳು ಯಾವ ಬ್ರ್ಯಾಂಡನ್ನೂ ಬಿಡುವುದಿಲ್ಲ. (ಆನೆಗೊಂದಿಯ ಹಳೇ ಗೋಡೆ, ಮಂಟಪ ಹಾರಲು ಇರುವ ಜಾಗ ಅಲ್ಲ, ಇದನ್ನೂ ಹೇಳಬೇಕಾಗಿದೆ. ದರೋಜಿ ಕಡೆ ಕತ್ತಲಾಗುವ ಮುಂಚೆ ವಾಪಸ್ ಬನ್ನಿ, ಅದು ಕರಡಿಗಳ ಹೊತ್ತು.)

ನನ್ನ 160ರ ಸೈಕಲ್ ಈಗ ಸಂಡೂರಿನ ಒಬ್ಬರ ಹತ್ತಿರ ಇದೆ. ಅವರಿಗೆ ಸಾಲುತ್ತಿಲ್ಲವಂತೆ. 170 ಹುಡುಕುತ್ತಿದ್ದಾರೆ.