ದಣಪೆ ತೆಗೆದಿಟ್ಟು ಬೇಲಿ ಕಟ್ಟಿದ ಹಾಗೆ

ಜುಲೈ ತಿಂಗಳ ಒಂದು ಸಂಜೆ ಶಿರಸಿ ಹತ್ತಿರದ ಹುಲೇಕಲ್ ಕಡೆಯ ಊರಿನಿಂದ ಫೋನು ಬಂತು. ಮಾಡಿದವರು ಅರವತ್ತು ದಾಟಿದ ತೋಟಿಗರು, ನಾನು ಮಾವ ಎನ್ನುವವರು. "ತಮಾ, ಕಂಪ್ಯೂಟರಿಗೆ ಐದು ವೈರಸ್ ಬಂಜಡ. ಕೆಂಪು ಕೆಂಪು ಕಾಣ್ತಾ ಇದ್ದು, ದುಡ್ಡು ಕಟ್ಟು ಹೇಳ್ತು. ಎಂತ ಮಾಡವು? ಪ್ಲಗ್ ಕಿತ್ತಿಟ್ಟಿದ್ದಿ."

ಮರುದಿನ ಮಳೆ ಕೊಂಚ ಹೊಳವಾದಾಗ ಹೋದೆ. ಕಂಪ್ಯೂಟರ್ ಶುರು ಮಾಡಿ ಐದು ನಿಮಿಷ ಕಾದೆವು. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಟಣ್ ಎಂದು ಒಂದು ಚೌಕ ಎದ್ದಿತು. ಹೆಸರುವಾಸಿ ಆಂಟಿವೈರಸ್ ಒಂದರ ಲಾಂಛನ, ಪಕ್ಕದಲ್ಲಿ ಕೆಂಪು ಗುರುತು, ಕೆಳಗೆ "ಈಗಲೇ ನವೀಕರಿಸಿ". ಮಾವನಿಗೆ ನಾನು ತೋರಿಸಿದ್ದು ಆ ಚೌಕದೊಳಗೆ ಸಣ್ಣ ಅಕ್ಷರದಲ್ಲಿದ್ದ ಕ್ರೋಮ್ ಎಂಬ ಹೆಸರನ್ನು, ಅದರ ಪಕ್ಕದ ಅರ್ಥವಿಲ್ಲದ ವೆಬ್ ವಿಳಾಸವನ್ನು. ಆ ಎಚ್ಚರಿಕೆ ಆಂಟಿವೈರಸ್‌ನದ್ದಲ್ಲ. ಯಾವುದೋ ವೆಬ್‌ಸೈಟು ಬ್ರೌಸರ್ ಮೂಲಕ ಕಳಿಸುತ್ತಿದ್ದ ನೋಟಿಫಿಕೇಶನ್. ಆ ಕಂಪ್ಯೂಟರಿನಲ್ಲಿ ಒಂದೇ ಒಂದು ವೈರಸ್ಸೂ ಇರಲಿಲ್ಲ.

ಬಂದದ್ದು ಹೇಗೆ? ಹಳೆಯ ಯಕ್ಷಗಾನದ ರೆಕಾರ್ಡಿಂಗ್ ಹುಡುಕಿಕೊಂಡು ಎಲ್ಲೆಲ್ಲೋ ಹೋಗಿದ್ದಾರೆ. ಒಂದು ಪುಟ "ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದಿದೆ, ಒತ್ತಿದ್ದಾರೆ. ಕ್ರೋಮ್‌ನ ಸೆಟ್ಟಿಂಗ್ಸ್ ಒಳಗೆ ಪ್ರೈವಸಿ ಅಂಡ್ ಸೆಕ್ಯುರಿಟಿ, ಅಲ್ಲಿಂದ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋದರೆ ಹೀಗೆ ಅಲೋ ಗಿಟ್ಟಿಸಿಕೊಂಡವರ ಪಟ್ಟಿ ಸಿಗುತ್ತದೆ. ಅವರ ಪಟ್ಟಿಯಲ್ಲಿ ಎಂಟು ಇದ್ದವು. ಎಂಟನ್ನೂ ತೆಗೆದು, ಇನ್ನು ಮುಂದೆ ಯಾರೂ ನೋಟಿಫಿಕೇಶನ್‌ಗೆ ಅನುಮತಿ ಕೇಳದ ಹಾಗೆ ಮಾಡಿದೆ. ಎರಡು ನಿಮಿಷದ ಕೆಲಸ. ಘಟ್ಟದ ಮೇಲೂ ಕರಾವಳಿಯಲ್ಲೂ ನನಗೆ ಬರುವ "ವೈರಸ್" ಫೋನುಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಮಾವ ಆ ಚೌಕದ ಮೇಲೆ ಒತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು. ಇಂಥವುಗಳಲ್ಲಿ ಕೆಲವು ಇಡೀ ಪರದೆ ತುಂಬಿಕೊಂಡು ಕಿರುಚುತ್ತವೆ, ಒಂದು ಫೋನ್ ನಂಬರು ಕೊಡುತ್ತವೆ. ನಂಬರಿಗೆ ಕರೆ ಮಾಡಿದರೆ ನಯವಾಗಿ ಮಾತಾಡುವವನೊಬ್ಬ ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿಸಿ, ಕೂತಲ್ಲಿಂದಲೇ ನಿಮ್ಮ ಕಂಪ್ಯೂಟರಿನೊಳಗೆ ಬರುತ್ತಾನೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದೇ ಇಲ್ಲ. ಎನಿಡೆಸ್ಕ್ ವೈರಸ್ ಅಲ್ಲ, ನಾನೂ ದಿನಾ ಬಳಸುತ್ತೇನೆ. ಹಾಗಾಗಿ ಎಷ್ಟೇ ದುಬಾರಿ ಆಂಟಿವೈರಸ್ ಇದ್ದರೂ ಅದು ಸುಮ್ಮನೆ ನೋಡುತ್ತ ಕೂರುತ್ತದೆ. ಪರದೆ ತುಂಬಿಕೊಂಡರೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಜಗ್ಗದಿದ್ದರೆ ಮಾವನ ಹಾಗೆ ಪ್ಲಗ್ ಕಿತ್ತರೂ ಅಡ್ಡಿಯಿಲ್ಲ. ಹಣ ಹೋಗಿದೆ ಎಂದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮತ್ತೊಂದಕ್ಕೆ ಹಾರುವುದರೊಳಗೆ ತಡೆಯಬೇಕಲ್ಲ, ಅಲ್ಲಿ ಗಂಟೆಗಳ ಲೆಕ್ಕ.

ಚಾ ಕುಡಿಯುವಾಗ ಮಾವ ಕೇಳಿದರು: "ಹಂಗಾರೆ ಯಾವ ಆಂಟಿವೈರಸ್ ಹಾಕ್ಸವು?"

ಈ ಪ್ರಶ್ನೆಗೆ ಉತ್ತರ ಹೇಳುವವನ ಹಿತಾಸಕ್ತಿ ಮೊದಲು ತಿಳಿದಿರಲಿ. ಶಿರಸಿಯ ಬಿಡ್ಕಿ ಬೈಲಿನ ಹತ್ತಿರದ ನನ್ನ ಕಂಪ್ಯೂಟರ್ ಅಂಗಡಿಯ ಗೋಡೆಯಲ್ಲಿ ಆಂಟಿವೈರಸ್ ಡಬ್ಬಿಗಳು ಸಾಲಾಗಿ ನೇತಾಡುತ್ತವೆ. ಒಂದು ಮಾರಿದರೆ ನನಗೆ ಇಂತಿಷ್ಟು ಉಳಿಯುತ್ತದೆ. ಅದನ್ನು ಬದಿಗಿಟ್ಟು ಹೇಳುವುದಾದರೆ, ವಿಂಡೋಸ್ 10 ಅಥವಾ 11 ಇರುವ ಸಾಧಾರಣ ಮನೆಗೆ ಅದರೊಳಗೇ ಬರುವ ಡಿಫೆಂಡರ್ ಸಾಕು. ಹತ್ತು–ಹನ್ನೆರಡು ವರ್ಷದ ಹಿಂದೆ ನಾನೇ ಅದನ್ನು ನೋಡಿ ನಗುತ್ತಿದ್ದೆ. ಈಗ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ರಕ್ಷಣೆಗೆ ಇರುವ 6 ಅಂಕಗಳಲ್ಲಿ ಪೂರ್ತಿ ಅಥವಾ ಅದರ ಹತ್ತಿರ ಹತ್ತಿರ ಅದಕ್ಕೂ ಸಿಗುತ್ತಿದೆ. ರಕ್ಷಣೆ, ವೇಗ, ಬಳಕೆಯ ಅನುಕೂಲ ಮೂರಕ್ಕೂ ಆರಾರು ಅಂಕ ಇಟ್ಟು ಒಟ್ಟು 18ಕ್ಕೆ ಅಳೆಯುತ್ತಾರೆ. ಡಬ್ಬಿ ಕೊಳ್ಳುವ ಮನಸ್ಸಿದ್ದರೂ ಅಲ್ಲಿ ಒಮ್ಮೆ ನೋಡಿ ಕೊಳ್ಳಿ.

ಆದರೆ ನಮ್ಮ ಕಡೆಯ ಮಟ್ಟಿಗೆ ಒಂದು ತಕರಾರು ಇದೆ. ಡಿಫೆಂಡರ್ ತನ್ನ ಬುದ್ಧಿಯ ದೊಡ್ಡ ಪಾಲನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಂಡಿದೆ. ಹೊಸ ಫೈಲು ಕಂಡರೆ ಮೈಕ್ರೋಸಾಫ್ಟ್‌ನ ಸರ್ವರ್ ಕೇಳಿ ಬರುತ್ತದೆ. ಸಂಪರ್ಕ ಇಲ್ಲದಾಗ ಅದರ ಪತ್ತೆ ಹಚ್ಚುವ ಶಕ್ತಿ ಕಡಿಮೆಯಾಗುವುದನ್ನು ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಯ ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಮರ ಬಿದ್ದು ಕೇಬಲ್ ಹೋದರೆ ವಾರಗಟ್ಟಲೆ ಇಂಟರ್ನೆಟ್ ಇಲ್ಲದ ಊರುಗಳು ನಮ್ಮಲ್ಲಿವೆ. ಅಂಥ ಕಡೆ ಡಿಟಿಪಿ, ಝೆರಾಕ್ಸ್ ಇಟ್ಟುಕೊಂಡು ದಿನಾ ಹತ್ತು ಜನರ ಪೆನ್‌ಡ್ರೈವ್ ಚುಚ್ಚುವವರಿಗೆ, ಆಫ್‌ಲೈನ್ ಪರೀಕ್ಷೆಯಲ್ಲಿ ಗಟ್ಟಿ ಎನಿಸಿದ ಹಣದ ಆಂಟಿವೈರಸ್ಸನ್ನೇ ನಾನು ಹಾಕಿಸುತ್ತೇನೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ, ಫೋನ್ ಮಾಡಿದರೆ ನಮಗೆ ತಿಳಿಯುವ ಮಾತಿನಲ್ಲಿ ಉತ್ತರಿಸುವವರು ಸಿಗುತ್ತಾರೆ. ವಯಸ್ಸಾದವರ ಮನೆಗೆ ಅದೂ ಒಂದು ಲಾಭ.

"ಫ್ರೀ ಆಂಟಿವೈರಸ್ ಇದೆಯಲ್ಲ" ಎನ್ನುವವರಿಗೆ ಒಂದು ಸುದ್ದಿ. ಅವಾಸ್ಟ್ ತನ್ನ ಬಳಕೆದಾರರು ಯಾವ್ಯಾವ ಸೈಟು ನೋಡುತ್ತಾರೆ ಎಂಬ ಮಾಹಿತಿಯನ್ನು ಒಂದು ಅಂಗಸಂಸ್ಥೆಯ ಮೂಲಕ ಮಾರಿತ್ತು. ಅದಕ್ಕೆ ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಡಿಫೆಂಡರ್ ಇರುವಾಗ ಆ ಗೊಡವೆಯೇ ಬೇಡ. ಎರಡೆರಡು ಆಂಟಿವೈರಸ್ ಹಾಕುವುದೂ ಬೇಡ, ಒಂದು ತೆರೆದ ಫೈಲನ್ನು ಇನ್ನೊಂದು ಹಿಡಿದು ಜಗ್ಗುತ್ತ ಯಂತ್ರ ಸುಸ್ತಾಗುತ್ತದೆ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ, ಅವಧಿ ಮುಗಿದ ಟ್ರಯಲ್ ಆಂಟಿವೈರಸ್ ಇದ್ದರೆ ಪೂರ್ತಿ ಕಿತ್ತು ಹಾಕಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಹಸಿರು ಗುರುತು ಬಂದಿದೆಯೇ ನೋಡಿ. ಆಂಟಿವೈರಸ್ ಆಯ್ಕೆಯ ಬಗ್ಗೆ ಹೇಳುವುದು ಇಷ್ಟೇ. ನಿಜವಾದ ತೊಂದರೆ ಬೇರೆ ಕಡೆಯಿದೆ.

ಕುಮಟಾ ಕಡೆಯ ಒಬ್ಬ ಫೋಟೋಗ್ರಾಫರ್ ಗೆಳೆಯ, ಮದುವೆ ಆಲ್ಬಂ ಮಾಡುವವನು. ಫೋಟೋ ಎಡಿಟ್ ಮಾಡುವ ತಂತ್ರಾಂಶದ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸಲು ಯಾರೋ ಬೀಗ ಮುರಿದಿಟ್ಟ ಕಳ್ಳಪ್ರತಿ, ಇಳಿಸಿಕೊಂಡ. ಜೊತೆಗೆ ಬಂದ ಸೂಚನೆಯ ಮೊದಲ ಸಾಲು: ಮೊದಲು ಆಂಟಿವೈರಸ್ ಬಂದ್ ಮಾಡಿ. ಅವನ ಬಳಿ ದುಡ್ಡು ಕೊಟ್ಟು ತಂದ ಆಂಟಿವೈರಸ್ಸೇ ಇತ್ತು. ಅದು ಎರಡು ಸಲ ಬೇಡ ಎಂದಿತಂತೆ, ಇವನೇ ಅದರ ಬಾಯಿ ಮುಚ್ಚಿಸಿದ. ನಮ್ಮೂರ ಭಾಷೆಯಲ್ಲಿ ಹೇಳುವುದಾದರೆ ತೋಟದ ಸುತ್ತ ಬೇಲಿ ಗಟ್ಟಿ ಕಟ್ಟಿ, ಬೇಲಿಯ ಬಾಗಿಲಿನಂಥ ದಣಪೆಯನ್ನು ತಾನೇ ತೆಗೆದಿಟ್ಟು ದನಕ್ಕೆ ದಾರಿ ಬಿಟ್ಟ ಹಾಗೆ.

ಕ್ರ್ಯಾಕ್ ಓಡಿಸಿದ ಮೇಲೆ ಪರದೆಯಲ್ಲಿ "ವಿಂಡೋಸ್ ಅಪ್‌ಡೇಟ್ ಆಗುತ್ತಿದೆ" ಎಂದು ಬಂತು. ಇವನು ಊಟಕ್ಕೆ ಹೋದ. ಅಪ್‌ಡೇಟೂ ಇಲ್ಲ ಏನೂ ಇಲ್ಲ, ಅದು ನಾಟಕದ ಪರದೆ. ಹಿಂದೆ ಸ್ಟಾಪ್ ಅಥವಾ ಡೆಜಾವು ಎಂದು ಕರೆಯುವ ರ‍್ಯಾನ್ಸಮ್‌ವೇರ್ ಅವನ ಫೈಲುಗಳಿಗೆ ಒಂದೊಂದಾಗಿ ಬೀಗ ಹಾಕುತ್ತಿತ್ತು. ಬಂದು ನೋಡಿದರೆ ಪ್ರತಿ ಫೋಟೋದ ಹೆಸರಿನ ಬಾಲಕ್ಕೆ ನಾಲ್ಕು ವಿಚಿತ್ರ ಅಕ್ಷರ, ಪ್ರತಿ ಫೋಲ್ಡರಿನಲ್ಲಿ "ರೀಡ್ ಮಿ" ಎಂಬ ಚೀಟಿ. ಬೀಗ ತೆಗೆಯಲು 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, 490. ಡಿಸ್ಕೌಂಟ್ ಬೇರೆ!

ಬ್ಯಾಕಪ್ ಇರಲಿಲ್ಲವೇ ಎಂದರೆ, ಇತ್ತು. ಎರಡು ಟಿಬಿಯ ಹೊರಗಿನ ಹಾರ್ಡ್‌ಡಿಸ್ಕ್. ಅದು ಹಗಲು ರಾತ್ರಿ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು, ಅದಕ್ಕೂ ಬೀಗ ಬಿದ್ದಿತ್ತು. ಯುರೋಪೋಲ್, ಡಚ್ ಪೊಲೀಸರು ಮತ್ತು ಕೆಲವು ಆಂಟಿವೈರಸ್ ಸಂಸ್ಥೆಗಳು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ಎಂಬ ತಾಣವಿದೆ. ಬೀಗ ಹಾಕಿದ ಒಂದು ಫೈಲು ಮತ್ತು ಆ ಚೀಟಿ ಕೊಟ್ಟರೆ ಇದಕ್ಕೆ ಕೀಲಿ ಸಿಕ್ಕಿದೆಯೇ ಎಂದು ಹೇಳುತ್ತದೆ, ಪುಕ್ಕಟೆ. ನಮಗೆ ಸಿಗಲಿಲ್ಲ. ಕ್ಯಾಮೆರಾ ಕಾರ್ಡುಗಳಲ್ಲಿ ಇನ್ನೂ ಅಳಿಸದೆ ಉಳಿದಿದ್ದ ಚಿತ್ರಗಳನ್ನು ಎರಡು ರಾತ್ರಿ ಕೂತು ಎತ್ತಿದೆವು. ಈ ಜಾತಿಯದು ಫೈಲಿನ ಮೊದಲ ಒಂದಿಷ್ಟು ಭಾಗಕ್ಕಷ್ಟೇ ಬೀಗ ಹಾಕುವುದರಿಂದ ಕೆಲವು ವಿಡಿಯೋಗಳೂ ದುರಸ್ತಿಯಾದವು. ಒಂದು ಮದುವೆಯ ಧಾರೆಯ ಚಿತ್ರಗಳು ಮಾತ್ರ ಹೋದವು. ಹುಡುಗಿಯ ಮನೆಯವರಿಗೆ ಅದನ್ನು ಹೇಳುವಾಗ ನಾನೂ ಪಕ್ಕದಲ್ಲಿದ್ದೆ, ಇನ್ನೊಮ್ಮೆ ಅಂಥ ಜಾಗದಲ್ಲಿ ನಿಲ್ಲುವುದು ನನಗೆ ಬೇಡ.

ಇದು ಫೈಲಿಗೆ ಬೀಗ ಹಾಕಿ ಸುಮ್ಮನಿರುವುದಿಲ್ಲ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಇನ್ನೊಂದನ್ನೂ ಕರೆತರುವುದುಂಟು. ಆದ್ದರಿಂದ ಮೊದಲ ಕೆಲಸ ಇಂಟರ್ನೆಟ್ ತಪ್ಪಿಸುವುದು, ಎರಡನೆಯದು ಬೇರೆ ಫೋನಿನಿಂದ ಬ್ಯಾಂಕು, ಮೇಲ್ ಪಾಸ್‌ವರ್ಡ್ ಬದಲಿಸುವುದು.

ಕ್ರ್ಯಾಕ್ ಹಾಕುವವರೆಲ್ಲ ಬಡವರೂ ಅಲ್ಲ, ಕಳ್ಳರೂ ಅಲ್ಲ. ಅಭ್ಯಾಸ. ತಮಾಷೆಯೆಂದರೆ ಕನ್ನಡ ಬರೆಯಲು ಸರ್ಕಾರವೇ ಪುಕ್ಕಟೆ ಕೊಡುವ ನುಡಿ ತಂತ್ರಾಂಶವನ್ನೂ ಜನ ಯಾವುದೋ ಗೊತ್ತುಗುರಿಯಿಲ್ಲದ ಸೈಟಿನಿಂದ ಇಳಿಸಿಕೊಂಡು ಬಂದು ನನ್ನ ಮುಂದೆ ಇಡುತ್ತಾರೆ. ಪತ್ರ, ಲೆಕ್ಕ ಬರೆಯಲು ಲಿಬ್ರೆ ಆಫೀಸ್ ಸಾಕು, ಅದಕ್ಕೂ ಕಾಸಿಲ್ಲ. ಆಂಟಿವೈರಸ್ಸಿಗೆಂದು ತೆಗೆದಿಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಹಾರ್ಡ್‌ಡಿಸ್ಕ್ ಕೊಳ್ಳಿ ಎನ್ನುತ್ತೇನೆ ನಾನು. ವಾರಕ್ಕೊಮ್ಮೆ ಸಿಕ್ಕಿಸಿ, ಕಾಪಿ ಮಾಡಿ, ಕಿತ್ತು ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ಅಕ್ಕಿ ಡಬ್ಬದಂಥ ಬಿಗಿ ಡಬ್ಬ, ಒಳಗೆ ತೇವ ಹೀರುವ ಪುಟ್ಟ ಪೊಟ್ಟಣ. ಇಲ್ಲದಿದ್ದರೆ ವೈರಸ್‌ಗಿಂತ ಮೊದಲು ಬೂಸ್ಟು ಹಿಡಿಯುತ್ತದೆ. ಡಿಫೆಂಡರ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬ ಸ್ವಿಚ್ ಇದೆ, ಕಂಪ್ಯೂಟರ್ ಕೊಳ್ಳುವಾಗ ಅದು ಬಂದ್ ಆಗಿರುತ್ತದೆ. ಹಾಕಿದರೆ ಗುರುತಿಲ್ಲದ ಪ್ರೋಗ್ರಾಮುಗಳು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿಗೆ ಕೈಹಾಕುವಂತಿಲ್ಲ. ಒಮ್ಮೊಮ್ಮೆ ಒಳ್ಳೆಯ ತಂತ್ರಾಂಶವನ್ನೂ ತಡೆದು ಕಿರಿಕಿರಿ ಮಾಡುತ್ತದೆ, ಅಂಥದ್ದಕ್ಕೆ ನೀವೇ ಅನುಮತಿ ಕೊಡಬಹುದು.

ಪೆನ್‌ಡ್ರೈವ್ ವಿಷಯದಲ್ಲಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಕಮ್ಮಿ. ಅಂಗಡಿ ಹಾಕಿದ ಹೊಸತರಲ್ಲಿ ಶಾರ್ಟ್‌ಕಟ್ ವೈರಸ್ಸನ್ನು ಮನೆಮನೆಗೆ ಹಂಚಿದ್ದು ನಾನೇ. ಡ್ರೈವರ್, ಪ್ರಿಂಟರ್ ಸಾಫ್ಟ್‌ವೇರ್ ಎಲ್ಲ ತುಂಬಿಕೊಂಡ ನನ್ನ ಕೆಂಪು ಪೆನ್‌ಡ್ರೈವ್ ಅಡ್ಮಿಶನ್ ಕಾಲದಲ್ಲಿ ಮೂರು ಝೆರಾಕ್ಸ್ ಅಂಗಡಿ ಸುತ್ತಿತ್ತು. ನಾಲ್ಕನೆಯವನು ಕರೆದು "ನೀ ಬಂದು ಹೋದ ಮೇಲೇ ಹಿಂಗಾಗಿದ್ದು ನೋಡು" ಎಂದ. ಈ ವೈರಸ್ ನಿಮ್ಮ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಓಡುತ್ತದೆ. ಫೋಲ್ಡರ್ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣ ಕಂಡರೆ ಕೈ ತಡೆಯಿರಿ. ಫೈಲುಗಳು ಹೋಗಿರುವುದಿಲ್ಲ, ಅಡಗಿರುತ್ತವೆ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿ ಕಳಕೊಂಡವರೇ ಹೆಚ್ಚು. ಆಮೇಲೆ ನಾನು ಬರಹ ತಡೆಯುವ ಗುಂಡಿ ಇರುವ ಪೆನ್‌ಡ್ರೈವ್ ಇಟ್ಟುಕೊಂಡೆ.

ಫೈಲಿನ ಬಾಲ, ಅಂದರೆ ಅದು ಯಾವ ಬಗೆಯದೆಂದು ಹೇಳುವ ಹೆಸರಿನ ಕೊನೆಯ ಅಕ್ಷರಗಳು, ಕಾಣುವ ಹಾಗೆ ಮಾಡಿಕೊಳ್ಳುವುದೂ ಒಳ್ಳೆಯದು. ವಿಂಡೋಸ್ ತಾನಾಗಿ ಅದನ್ನು ಮರೆಮಾಡುತ್ತದೆ, ಹಾಗಾಗಿ "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಎಂಬ ಪ್ರೋಗ್ರಾಮು ನಮಗೆ ಬರೀ ಪಿಡಿಎಫ್ ಬಿಲ್ ಆಗಿ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಒಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬಲ್ಲಿ ಗುರುತು ಹಾಕಿದರೆ ಆಯಿತು.

ಅಪ್‌ಡೇಟ್ ಎಂದರೆ ನಮ್ಮವರಿಗೆ ಡೇಟಾ ಖರ್ಚಿನ ಚಿಂತೆ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನು ನಿಲ್ಲಿಸಿತಲ್ಲ, ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಹಾಕಿತ್ತು. ಎರಡು ತಿಂಗಳು ಅಪ್‌ಡೇಟ್ ಮುಂದೂಡಿದವರು ಸಿಕ್ಕಿಬಿದ್ದರು. ಈಗ ವಿಂಡೋಸ್ 10ರ ಸರದಿ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ, ಆದರೆ ಪಟ್ಟಿ ಬೇರೆ, ವಿಂಡೋಸ್‌ನ ಬಿರುಕಿಗೆ ಹಾಕುವ ತೇಪೆ ಬೇರೆ. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹತ್ತದಿದ್ದರೆ, ಬರೀ ವಿಡಿಯೋ, ಮೇಲ್ ನೋಡುವ ಮನೆಗಳಿಗೆ ನಾನು ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಡುತ್ತಿದ್ದೇನೆ. ಮೊದಲ ವಾರ ಬಯ್ಯುತ್ತಾರೆ, ಆಮೇಲೆ ಫೋನೇ ಬರುವುದಿಲ್ಲ. ನನ್ನ ವ್ಯಾಪಾರಕ್ಕೆ ಅದೇ ನಷ್ಟ.

ಕಂಪ್ಯೂಟರ್ ನಿಧಾನವಾದ ಮಾತ್ರಕ್ಕೆ ವೈರಸ್ ಎನ್ನಬೇಡಿ. ಹಳೆಯ ಹಾರ್ಡ್‌ಡಿಸ್ಕ್ ಕೊನೆಯುಸಿರು ಎಳೆಯುವಾಗಲೂ ಹಾಗೇ ಆಗುತ್ತದೆ, ಅದರ ಬದಲು ಇನ್ನೂ ವೇಗದ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಜೀವ ಬರುತ್ತದೆ. ಸಂಶಯ ಹೋಗದಿದ್ದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅಲ್ಲಿ ಸ್ಕ್ಯಾನ್ ಆಪ್ಶನ್ಸ್, ಕೆಳಗೆ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ತಾನೇ ಮರುಪ್ರಾರಂಭವಾಗಿ, ವಿಂಡೋಸ್ ಏಳುವ ಮೊದಲೇ ಮೂಲೆಮುಡುಕು ತಡಕುತ್ತದೆ, ವಿಂಡೋಸ್ ಜೊತೆಗೆ ಎದ್ದು ಅವಿತುಕೊಳ್ಳುವಂಥವಕ್ಕೆ ಆಗ ಅವಕಾಶ ಇರುವುದಿಲ್ಲ. ಹದಿನೈದು ನಿಮಿಷದ ಕೆಲಸ. ಮಳೆಗಾಲವಾದರೆ ಇನ್ವರ್ಟರ್ ತುಂಬಿದೆಯೇ ನೋಡಿಕೊಂಡು ಶುರು ಮಾಡಿ, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.