ಕಲ್ಲಿನ ಲಿಥಿಯಂ: ಬೆಂಕಿ ಪೋಲಾಗುವುದು ಎಲ್ಲಿ?

ಎಲೆಕ್ಟ್ರಿಕ್ ಕಾರು ಓಡುವಾಗ ಹೊಗೆ ಉಗುಳುವುದಿಲ್ಲ. ಆದರೆ ಅದರ ಬ್ಯಾಟರಿಯ ಲಿಥಿಯಂ ಬಂಡೆಯಿಂದ ಬಂದದ್ದಾದರೆ, ಆ ಬಂಡೆಯ ಪುಡಿಯನ್ನು ಎಲ್ಲೋ ಒಂದು ಕಡೆ ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿರುತ್ತಾರೆ. ಹೆಂಚಿನ ಕಾರ್ಖಾನೆಗಳ ಚಿಮಣಿ ನೋಡುತ್ತ ಬೆಳೆದ ಮಂಗಳೂರಿನವರಿಗೆ ಭಟ್ಟಿಯೊಂದು ಎಷ್ಟು ಸೌದೆ ನುಂಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಅಮೆರಿಕದ ಉಪ್ಪುನೀರಿನಿಂದ ತೆಗೆದ ಲಿಥಿಯಂಗೆ ಹೋಲಿಸಿದರೆ ಬಂಡೆಯ ಲಿಥಿಯಂ ಹೊರುವ ಇಂಗಾಲದ ಹೊರೆ ಸುಮಾರು ಮೂರು ಪಟ್ಟು. ಈ ಹೊರೆಯಲ್ಲಿ ದೊಡ್ಡ ಪಾಲನ್ನು ಇಳಿಸಬಹುದು ಎಂದು ನಾನು ನಂಬುತ್ತೇನೆ. ಏಕೆಂದರೆ ಅಷ್ಟೂ ಶಾಖದಲ್ಲಿ ಲಿಥಿಯಂ ಬಿಡಿಸುವುದಕ್ಕೆ ನಿಜವಾಗಿ ಬೇಕಾದದ್ದು ತೀರಾ ಸ್ವಲ್ಪ.

ಬಂಡೆಯಲ್ಲಿ ಸಿಗುವ ಲಿಥಿಯಂನ ಮುಖ್ಯ ಖನಿಜ ಸ್ಪೊಡುಮಿನ್. ಪೆಗ್ಮಟೈಟ್ ಎಂಬ ತಿಳಿಬಣ್ಣದ ಬಂಡೆಯಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಗಳ ನಡುವೆ ಇದರ ಹರಳುಗಳು ಇರುತ್ತವೆ. ನೆಲದಿಂದ ತೆಗೆದಾಗ ಅದು ಆಲ್ಫಾ ರೂಪದಲ್ಲಿರುತ್ತದೆ. ಪರಮಾಣುಗಳು ಒತ್ತೊತ್ತಾಗಿ ಕೂತಿರುವುದರಿಂದ ಸಲ್ಫ್ಯೂರಿಕ್ ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಚೆನ್ನಾಗಿ ಕಾಯಿಸಿದರೆ, ಬಾಣಲೆಯ ಬಿಸಿ ಮರಳಿನಲ್ಲಿ ಭತ್ತ ಅರಳಿ ಹೊದಳಾಗುವ ಹಾಗೆ, ಹರಳು ಹಿಗ್ಗಿ ಬಿರಿದು ಬೀಟಾ ರೂಪಕ್ಕೆ ತಿರುಗುತ್ತದೆ. ಗಾತ್ರ ಶೇ. 30ರ ಆಸುಪಾಸಿನಷ್ಟು ಹೆಚ್ಚುತ್ತದೆ. ಆಮೇಲೆ ಅದನ್ನು ತಣಿಸಿ, ಅರೆದು, ಆಮ್ಲ ಬೆರೆಸಿ ಮತ್ತೆ 250 ಡಿಗ್ರಿಗೆ ಬಿಸಿ ಮಾಡಿದರೆ ಆಮ್ಲದ ಜಲಜನಕ ಒಳಗೆ ಸೇರಿಕೊಂಡು ಲಿಥಿಯಂ ಹೊರಗೆ ಬರುತ್ತದೆ. ನೀರಿನಲ್ಲಿ ಇಳಿಸಿ, ಕಲ್ಮಶ ತೆಗೆದು, ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಹಾಕಿದರೆ, ಬ್ಯಾಟರಿಗೆ ಬೇಕಾದ ಲಿಥಿಯಂ ಕಾರ್ಬೊನೇಟ್ ತಳಕ್ಕೆ ಕೂರುತ್ತದೆ. 1950ರ ಹೊತ್ತಿಗೆ ರೂಪುಗೊಂಡ ಈ ದಾರಿಯೇ ಇಂದಿಗೂ ರೂಢಿಯಲ್ಲಿದೆ.

ಇಲ್ಲೊಂದು ಸರಳ ಲೆಕ್ಕ ಮಾಡಿ ನೋಡಬಹುದು. ಒಂದು ಟನ್ ಸ್ಪೊಡುಮಿನ್ನನ್ನು ಕೋಣೆಯ ಉಷ್ಣತೆಯಿಂದ 1,050 ಡಿಗ್ರಿಗೆ ಏರಿಸಲು ಒಂದು ಗಿಗಾಜೂಲ್‌ಗಿಂತ ತುಸು ಹೆಚ್ಚು ಶಾಖ ಬೇಕು. ಆಲ್ಫಾ ಬೀಟಾ ಆಗುವ ಆ ಒಂದು ಬದಲಾವಣೆಗೆ ಬೇಕಾದದ್ದು ಇದರ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಉಳಿದದ್ದು ಕಲ್ಲನ್ನು ಬಿಸಿ ಮಾಡಲು ಮಾತ್ರ ಹೋದ ಶಾಖ. ಕಲ್ಲು ತಣಿಯುವಾಗ ಅದು ವಾಪಸು ಬರುತ್ತದೆ. ಹಿಡಿದುಕೊಳ್ಳುವವರು ಇದ್ದರೆ ನಮ್ಮದು, ಇಲ್ಲದಿದ್ದರೆ ಗಾಳಿಯ ಪಾಲು. ಇದರ ಮೇಲೆ ಭಟ್ಟಿಯ ಗೋಡೆಯಿಂದ ಸೋರುವುದು, ಹೊಗೆಯ ಜೊತೆ ಚಿಮಣಿ ಹತ್ತುವುದು ಬೇರೆ.

ಆದರೆ ಪೋಲು ಶುರುವಾಗುವುದು ಭಟ್ಟಿಗಿಂತ ಬಹಳ ಮೊದಲೇ, ಗಣಿಯ ಬಾಯಲ್ಲಿ. ಒಳ್ಳೆಯ ಅದಿರಿನಲ್ಲೂ ಲಿಥಿಯಂ ಆಕ್ಸೈಡ್ ಇರುವುದು ಶೇ. 1ರಿಂದ 2. ಸ್ಪೊಡುಮಿನ್ನಿನಲ್ಲೂ ಈ ಆಕ್ಸೈಡ್ ಒಂದು ಸಣ್ಣ ಪಾಲಷ್ಟೇ. ಹಾಗಾಗಿ ಅದಿರಿನಲ್ಲಿ ಅದು ಶೇ. 1.2 ಎಂದಿಟ್ಟುಕೊಂಡರೆ ನೂರು ಕಿಲೋ ಕಲ್ಲಿನಲ್ಲಿ ಸ್ಪೊಡುಮಿನ್ ಸುಮಾರು 15 ಕಿಲೋ, ಮಿಕ್ಕ 85 ಕಿಲೋ ಬೇಡದ ಕಲ್ಲು. ಒಂದು ಟನ್ ಲಿಥಿಯಂ ಕಾರ್ಬೊನೇಟ್ ಕೈಗೆ ಬರಬೇಕಾದರೆ, ನಡುವಿನ ನಷ್ಟವೂ ಸೇರಿ ಸುಮಾರು 50 ಟನ್ ಅದಿರು ಬೇಕು. ಇಷ್ಟನ್ನೂ ಗಿರಣಿಗೆ ಹಾಕಿ ಹಿಟ್ಟು ಮಾಡುವುದೆಂದರೆ ಬೇಡದ ಕಲ್ಲಿಗೆ ಕರೆಂಟು ಸುರಿದಂತೆ. ಉಕ್ಕಿನ ಗುಂಡುಗಳು ಉರುಳುವ ಗಿರಣಿಯಲ್ಲಂತೂ ಕಲ್ಲು ಒಡೆಯುವುದಕ್ಕೆ ನೇರವಾಗಿ ಬಳಕೆಯಾಗುವ ಶಕ್ತಿ ಅತ್ಯಲ್ಪ. ಹೆಚ್ಚಿನದೆಲ್ಲ ಬಿಸಿಯಾಗಿ, ಸದ್ದಾಗಿ ಹೋಗುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಅತಿ ದೊಡ್ಡ ಉಳಿತಾಯವೆಂದರೆ ಅರೆಯದೇ ಇರುವುದು. ಪೆಗ್ಮಟೈಟ್ ಬಿಳಿಚು, ಅದನ್ನು ಸುತ್ತಿಕೊಂಡ ಬಂಡೆ ಸಾಮಾನ್ಯವಾಗಿ ಕಪ್ಪು. ಬೆಲ್ಟಿನ ಮೇಲೆ ಸಾಗುವ ಕಲ್ಲುಗಳನ್ನು ಕ್ಯಾಮೆರಾ, ಲೇಸರ್ ಅಥವಾ ಎಕ್ಸ್‌ರೇ ಗುರುತಿಸಿದರೆ ಗಾಳಿಯ ಹೊಡೆತ ಬೇಡದ್ದನ್ನು ಪಕ್ಕಕ್ಕೆ ಹಾರಿಸುತ್ತದೆ. ಮುಂದಿನ ಹಂತ ತೂಕದ್ದು. ಸ್ಪೊಡುಮಿನ್‌ನ ಸಾಂದ್ರತೆ 3.1ರಷ್ಟು, ಬೆಣಚುಕಲ್ಲಿನದು 2.65. ಫೆರೋಸಿಲಿಕಾನ್ ಎಂಬ ಕಬ್ಬಿಣದ ಮಿಶ್ರಲೋಹದ ಪುಡಿ ಕಲಸಿ ಭಾರವಾಗಿಸಿದ ನೀರಿಗೆ ಹಾಕಿದರೆ ಸ್ಪೊಡುಮಿನ್ ಮುಳುಗುತ್ತದೆ, ಬೆಣಚು ತೇಲುತ್ತದೆ. ಇದಕ್ಕೆ ಕಲ್ಲು ನುಣ್ಣಗಾಗಬೇಕಿಲ್ಲ, ಕೆಲವು ಮಿಲಿಮೀಟರ್ ಗಾತ್ರದ ಚೂರುಗಳಾದರೆ ಸಾಕು. ಹರಳು ದೊಡ್ಡದಿರುವ ಅದಿರಿಗೆ ಇದು ಒಪ್ಪುತ್ತದೆ. ಸಣ್ಣದಿದ್ದರೆ ನುಣ್ಣಗೆ ಅರೆದು ನೊರೆಯಲ್ಲಿ ತೇಲಿಸಿ ಬೇರ್ಪಡಿಸುವುದು ಅನಿವಾರ್ಯ.

ಗಣಿಯ ಹತ್ತಿರವೇ ಶುದ್ಧಿ ಮಾಡಿ ಬೇಕಾದ್ದನ್ನಷ್ಟೇ ಸಾಗಿಸುವುದು ಕರಾವಳಿಗೆ ಹೊಸದಲ್ಲ. ಕುದುರೆಮುಖದ ಕಬ್ಬಿಣದ ಅದಿರನ್ನು ಅಲ್ಲೇ ಅರೆದು, ಕಬ್ಬಿಣ ಹೆಚ್ಚಿರುವ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ತರುತ್ತಿದ್ದರು. ಆ ಗಣಿ ಕಾಡಿಗೂ ಭದ್ರಾ ನದಿಗೂ ಮಾಡಿದ ಹಾನಿ ಸಣ್ಣದಲ್ಲ, 2005ರ ಕೊನೆಗೆ ಅದು ನಿಂತದ್ದು ಸರಿಯೇ. ಸಾಗಣೆಯ ಆ ಎಂಜಿನಿಯರಿಂಗ್ ಮಾತ್ರ ಇಂದಿಗೂ ಕಲಿಯತಕ್ಕದ್ದು. ಲಿಥಿಯಂ ಲೋಕದಲ್ಲಿ ಈಗ ನಡೆಯುತ್ತಿರುವುದು ನೋಡಿ: ಶೇ. 6ರಷ್ಟು ಲಿಥಿಯಂ ಆಕ್ಸೈಡ್ ಇರುವ ಪುಡಿಯನ್ನು ಆಸ್ಟ್ರೇಲಿಯಾದಿಂದ ಹಡಗಿಗೆ ತುಂಬಿ ಚೀನಾಕ್ಕೆ ಕಳಿಸುತ್ತಾರೆ. ಉಳಿದ 94 ಪಾಲು ಸಮುದ್ರ ದಾಟುವುದು ಅಲ್ಲಿ ಕಸವಾಗುವುದಕ್ಕೆ.

ಇನ್ನು ಭಟ್ಟಿ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯುವ ಕೆಲವು ವರ್ಷ ಮೊದಲು, 1858ರಲ್ಲಿ, ಜರ್ಮನಿಯ ಹಾಫ್‌ಮನ್ ಒಂದು ಸುತ್ತುಭಟ್ಟಿಗೆ ಪೇಟೆಂಟ್ ಪಡೆದಿದ್ದ. ಅದರಲ್ಲಿ ಬೆಂಕಿ ಕೋಣೆಯಿಂದ ಕೋಣೆಗೆ ಸಾಗುತ್ತದೆ. ಬೆಂದು ತಣಿಯುತ್ತಿರುವ ಇಟ್ಟಿಗೆಗಳ ಮೂಲಕ ಬರುವ ಗಾಳಿ ಬಿಸಿಯಾಗಿ ಬೆಂಕಿಗೆ ಸೇರುತ್ತದೆ. ಬೆಂಕಿಯ ಹೊಗೆ ಮುಂದಿನ ಹಸಿ ಇಟ್ಟಿಗೆಗಳನ್ನು ಒಣಗಿಸಿ ಕಾಯಿಸುತ್ತದೆ. ಸ್ಪೊಡುಮಿನ್ ಸುಡುವ ತಿರುಗುಭಟ್ಟಿಗೂ, ಅಂದರೆ ಮೆಲ್ಲಗೆ ಉರುಳುವ ಉದ್ದ ಕೊಳವೆಯಂಥ ಭಟ್ಟಿಗೂ, ಇದೇ ನಿಯಮ ಬೇಕು. ಹೊರಬಂದ ಕೆಂಡದಂಥ ಪುಡಿಯ ಶಾಖದಲ್ಲಿ ಒಳಗೆ ಹೋಗುವ ಗಾಳಿಯನ್ನೂ ಹೊಸ ಪುಡಿಯನ್ನೂ ಕಾಯಿಸಬಹುದು, 250 ಡಿಗ್ರಿಯ ಆಮ್ಲದ ಹಂತಕ್ಕೂ ಒಂದಷ್ಟು ಸಿಗುತ್ತದೆ.

ತಿರುಗುಭಟ್ಟಿಗೆ ಇನ್ನೊಂದು ತೊಡಕಿದೆ. ಪುಡಿ ತೀರಾ ನುಣುಪಾದರೆ ಗಾಳಿಯಲ್ಲಿ ಹಾರಿಹೋಗುತ್ತದೆ, ಶಾಖ ಹೆಚ್ಚಾದರೆ ಕರಗಿ ಗಂಟುಕಟ್ಟುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಗಂಗೂರಾ ಗಣಿಯಲ್ಲಿ ಪಿಲ್ಬರಾ ಮಿನರಲ್ಸ್ ಮತ್ತು ಕ್ಯಾಲಿಕ್ಸ್ ಕಂಪನಿಗಳು ಕೈಗೆತ್ತಿಕೊಂಡ ಪ್ರಯೋಗ ನನಗೆ ಮುಖ್ಯವೆನಿಸುವುದು ಇದಕ್ಕೇ. ಅಲ್ಲಿ ನುಣ್ಣನೆಯ ಪುಡಿ ಲಂಬ ಕೊಳವೆಯೊಳಗೆ ಬೀಳುತ್ತದೆ, ಕೊಳವೆಯ ಗೋಡೆ ಹೊರಗಿನಿಂದ ವಿದ್ಯುತ್ತಿನಲ್ಲಿ ಕಾಯುತ್ತದೆ. ಕಣ ಸಣ್ಣದಾದ್ದರಿಂದ ಬಿರಿಯಲು ಕ್ಷಣಗಳು ಸಾಕು. ಒಳಗೆ ಇಂಧನ ಉರಿಯದ ಕಾರಣ ಹೊಗೆಯ ಜೊತೆ ಹೋಗುವ ಶಾಖವೂ ಇಲ್ಲ. ಗಣಿಯಲ್ಲೇ ಲಿಥಿಯಂ ಲವಣ ಮಾಡಿ ಕಳಿಸುವುದು ಅವರ ಗುರಿ. ಆಗ ಹಡಗಿನ ಹೊರೆಯೂ ಇಳಿಯುತ್ತದೆ.

ಆಮ್ಲದ ದಾರಿಗೂ ಬೆಲೆಯಿದೆ. ಪ್ರತಿ ಟನ್ ಲಿಥಿಯಂ ಕಾರ್ಬೊನೇಟ್‌ಗೆ ಸುಮಾರು 2 ಟನ್ ಸೋಡಿಯಂ ಸಲ್ಫೇಟ್ ಹುಟ್ಟುತ್ತದೆ, ಅದನ್ನು ನೀರಿನಿಂದ ಬೇರೆ ಮಾಡಲು ಮತ್ತೆ ಶಕ್ತಿ. ಫಿನ್‌ಲೆಂಡಿನ ಕೆಲಿಬರ್ ಯೋಜನೆ ಆಮ್ಲವನ್ನೇ ಬಿಟ್ಟು, ಬೀಟಾ ಸ್ಪೊಡುಮಿನ್ನನ್ನು ಒತ್ತಡದಲ್ಲಿ ಸೋಡಾ ಆ್ಯಶ್ ಜೊತೆ ಬೇಯಿಸುವ ವಿಧಾನ ಆರಿಸಿಕೊಂಡಿದೆ. ಸುಡುವುದೇ ಬೇಡ, ಆಲ್ಫಾ ರೂಪವನ್ನೇ ಕಾಸ್ಟಿಕ್ ಸೋಡಾದಲ್ಲಿ ಕರಗಿಸೋಣ ಎನ್ನುವ ಸಂಶೋಧನೆಯೂ ನಡೆದಿದೆ. ಅದು ಆಕರ್ಷಕ, ಆದರೆ ಕಾಸ್ಟಿಕ್ ಸೋಡಾ ತಯಾರಾಗುವುದು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ. ಆ ಕರೆಂಟನ್ನು ಲೆಕ್ಕಕ್ಕೆ ಸೇರಿಸದ ಯಾವ ಹೋಲಿಕೆಯನ್ನೂ ನಾನು ಒಪ್ಪಲಾರೆ.

ವಿದ್ಯುತ್ ಭಟ್ಟಿಗೂ ಇದೇ ಪ್ರಶ್ನೆ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ, ವಾರಾಹಿಯಲ್ಲಿ ಜಲವಿದ್ಯುತ್ ಇದೆ. ಕಲ್ಲಿದ್ದಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಕರೆಂಟಾಗುವ ಮೊದಲೇ ಕಳೆದುಹೋಗುತ್ತದೆ. ಆ ಕರೆಂಟಿನಿಂದ ಭಟ್ಟಿ ಕಾಯಿಸುವುದಕ್ಕಿಂತ ಭಟ್ಟಿಗೇ ನೇರವಾಗಿ ಇಂಧನ ಹಾಕುವುದು ಮೇಲು. ನೀರಿನ, ಬಿಸಿಲಿನ, ಗಾಳಿಯ ಕರೆಂಟಾದರೆ ಮಾತ್ರ ಲೆಕ್ಕ ತಿರುಗುತ್ತದೆ.

ಈ ಮಾತು ದೂರದೇಶದ್ದಲ್ಲ. ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣದ ಪೆಗ್ಮಟೈಟ್‌ಗಳಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. ಅಷ್ಟು ಲಿಥಿಯಂ ಎಂದರೆ ಸುಮಾರು 8,500 ಟನ್ ಕಾರ್ಬೊನೇಟ್. ಒಂದು ಕಾರಿಗೆ 40 ಕಿಲೋ ಕಾರ್ಬೊನೇಟ್ ಎಂದರೆ, ಅಷ್ಟೂ ಸಿಕ್ಕಿದರೂ ಎರಡು ಲಕ್ಷ ಕಾರುಗಳಿಗೆ ಆದೀತು. ಸಣ್ಣ ನಿಕ್ಷೇಪ. ಅದಕ್ಕಾಗಿ ದೊಡ್ಡ ತಿರುಗುಭಟ್ಟಿ ಕಟ್ಟುವುದು ಅರ್ಥವಿಲ್ಲದ್ದು. ಕಲ್ಲು ಆರಿಸುವ ಯಂತ್ರ, ಭಾರದ ನೀರಿನ ತೊಟ್ಟಿ, ಸಣ್ಣ ವಿದ್ಯುತ್ ಕುಲುಮೆ ಇವುಗಳನ್ನು ನಮ್ಮದೇ ಅದಿರಿನ ಮೇಲೆ ಪರೀಕ್ಷಿಸಲು ಅಷ್ಟು ಕಲ್ಲು ಧಾರಾಳ. ಗಣಿಶಾಸ್ತ್ರ, ಲೋಹಶಾಸ್ತ್ರ ಎರಡೂ ವಿಭಾಗಗಳಿರುವ ಸುರತ್ಕಲ್ಲಿನ ಎನ್‌ಐಟಿಕೆ ಈ ಕೆಲಸಕ್ಕೆ ತಕ್ಕ ಜಾಗ.